ಗುಡಿಸು

ವ್ಯಾನಿನ ಹಳದಿ ಇನ್ನೂ ಪೂರ್ತಿ ಸತ್ತಿಲ್ಲ.
ಎರಡು ಕೋಟು ನೀಲಿ ಬಳಿದರೂ
ಮಧ್ಯಾಹ್ನದ ಬಿಸಿಲಿಗೆ ಬದಿಯಲ್ಲಿ
'ಮಕ್ಕಳಿದ್ದಾರೆ ಎಚ್ಚರಿಕೆ' ಎಂದು
ತಾನೇ ಮೇಲೆದ್ದು ಬರುತ್ತದೆ.

ಕೊಟ್ಟಾರದ ಹಾಸ್ಟೆಲ್ ಮೆಸ್ಸು ಕಂಟ್ರಾಕ್ಟಿಗೆ ಹೋದ ತಿಂಗಳು
ನಾನೂ ಸೆಲಿನ್ ಬಾಯಿಯೂ ಪಿಎಫ್ ಹಣ ಒಟ್ಟು ಹಾಕಿ
ಕೊಂಡದ್ದು ಇದನ್ನು.
ಇನ್ನೂರೈವತ್ತು ಹುಡುಗರಿಗೆ ಇಪ್ಪತ್ತೊಂದು ವರ್ಷ
ಪುಂಡಿ ಬೇಯಿಸಿದವರಿಗೆ
ರಸ್ತೆ ಬದಿಯ ಹತ್ತು ಜನರ ಸಾಲು ಎಂಥ ಮಹಾ, ಅಂತ.
ಸಾಲು ಎಂದರೇನೆಂದು ಗೊತ್ತಾದದ್ದು
ಲಾಲ್‌ಬಾಗಿನ ಪಾಲಿಕೆಯಲ್ಲಿ.

'ವಿಳಾಸ?' ಎಂದರು ಕೌಂಟರಿನವರು.
ಗಾಡಿ, ಸರ್.
'ಗಾಡಿ ಸರಿ. ಡೋರ್ ನಂಬರ್?'
ಬಾಗಿಲು ಮೂರುಂಟು. ಹಿಂದಿನದ್ದು ನಿಲ್ಲುವುದಿಲ್ಲ,
ಹಗ್ಗ ಕಟ್ಟಿದ್ದೇವೆ.
ಅವರು ನಗಲಿಲ್ಲ. ಅರ್ಜಿಯಲ್ಲಿ
ಬಾಗಿಲಿಗೊಂದು ಚೌಕ ಉಂಟು,
ಚಕ್ರಕ್ಕೆ ಇಲ್ಲ.

ಆರ್‌ಟಿಓದಲ್ಲಿ ತಿರುವುಮುರುವು:
ಚಕ್ರ ಕೇಳುತ್ತಾರೆ, ಚಟ್ಟಿ ಕೇಳುವುದಿಲ್ಲ.
ಕಿಟಕಿ ಕೊರೆದದ್ದಕ್ಕೆ ಒಪ್ಪಿಗೆ ಎಲ್ಲಿ?
ಸೀಟು ಕಿತ್ತದ್ದಕ್ಕೆ ಕಾಗದ ಎಲ್ಲಿ?
ಹದಿನೆಂಟು ಮಕ್ಕಳು ಕೂತಿದ್ದ ಜಾಗದಲ್ಲಿ
ಈಗ ಎರಡು ಸಿಲಿಂಡರು ಕೂತಿವೆ,
ಅವುಗಳ ಕತೆಗೆ ಅಗ್ನಿಶಾಮಕದವರ ಹತ್ತಿರ ಹೋಗಿ.
ಅಗ್ನಿಶಾಮಕದವರು: ಪಾಲಿಕೆಯದ್ದು ತನ್ನಿ.
ಪಾಲಿಕೆ: ಮೊದಲು ಆರ್‌ಟಿಓ.
ನಂತೂರು ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದ ಹಾಗೆ,
ಎಲ್ಲರೂ ಹಾರ್ನು ಹೊಡೆಯುವವರೇ,
ಯಾರೂ ಬಿಡುವವರಲ್ಲ.

ವೆನ್ಲಾಕಿನಲ್ಲಿ ರಕ್ತ ಕೊಟ್ಟೆವು.
ಉಗುರು ನೋಡಿದರು, ನಾಲಿಗೆ ನೋಡಿದರು.
ಸೆಲಿನ್ ಬಾಯಿಗೆ ಐವತ್ತೆಂಟು,
ಮೂರು ಹೆತ್ತಾಗಲೂ ಇಷ್ಟು ನೋಡಿಸಿಕೊಂಡವಳಲ್ಲ.
'ಅಂಟುರೋಗ ಇಲ್ಲ' ಎಂದು ಬರೆದ ಚೀಟಿ
ಅವಳ ಬೈಬಲ್ಲಿನೊಳಗೆ ಉಂಟು.

ಆಹಾರ ಸುರಕ್ಷತೆಯದ್ದು ಬಂದದ್ದು ಫೋನಿಗೆ.
ಹದಿನಾಲ್ಕು ಅಂಕಿ.
ಸೈಬರಿನ ಹುಡುಗ ಪ್ರಿಂಟಿಗೆ ಹತ್ತು ರೂಪಾಯಿ ತಗೊಂಡ,
ಲ್ಯಾಮಿನೇಶನ್ನಿಗೆ ಮೂವತ್ತು.
'ಎಂತ ಮಾಡ್ತೀರಿ ಆಂಟಿ?' ಕೇಳಿದ.
ಪುಂಡಿ, ಕಡ್ಲೆ ಗಸಿ. ಶುಕ್ರವಾರ ಬೂತಾಯಿ ಪುಳಿಮುಂಚಿ.
'ಯಾವಾಗಿಂದ?'
ಅಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವನು
ಅವನೊಬ್ಬನೇ.

ಟ್ರಾಫಿಕ್ಕಿನವರು ಹೇಳಿದರು: ಇಲ್ಲಿ ನಿಲ್ಲುವ ಹಾಗಿಲ್ಲ.
ಮತ್ತೆಲ್ಲಿ ನಿಲ್ಲಬಹುದು?
'ಅದು ನಮಗೆ ಬರುವುದಿಲ್ಲ.
ಎಲ್ಲಿ ನಿಲ್ಲಬಾರದೋ ಅದು ನಮ್ಮದು.'
ಕದ್ರಿ, ಬಿಜೈ, ಮಣ್ಣಗುಡ್ಡೆ,
ನಿಲ್ಲಬಾರದ ಊರನ್ನೆಲ್ಲ ಸುತ್ತಿ
ಡೀಸೆಲ್ ಮುಗಿದು
ತಾನಾಗಿ ನಿಂತಿತು ಗಾಡಿ, ಉರ್ವಾ ಮಾರ್ಕೆಟಿನ ಹತ್ತಿರ.
ಮೀನಿನ ಬುಟ್ಟಿಯವರೊಬ್ಬರು ಕಿಟಕಿ ತಟ್ಟಿದರು:
'ಚಾ ಉಂಟಾ?'

ಕಡೆಗೆ ಒಂದು ಮಂಗಳವಾರ
ಉದ್ದಿಮೆ ಪರವಾನಗಿ ಕೈಗೆ ಬಂತು.
ಹೆಸರು ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.
ನಾವು ಬರೆದದ್ದು 'ಪುಂಡಿ ಗಾಡಿ'.
ಅಚ್ಚಾದದ್ದು 'ಪುಂಡ ಗಾಡಿ'.

ಡಕ್ಕೆ ಗುಡಿಸು ಡಿ,
ಸ್ಲೇಟು ಕುಟ್ಟಿ ಕಲಿಸಿದ್ದರು ಕಮಲಿ ಟೀಚರು.
ಆ ಗುಡಿಸನ್ನು ಯಾರೋ
ಕಸದ ಜೊತೆಗೇ ಗುಡಿಸಿಬಿಟ್ಟಿದ್ದಾರೆ.

'ತಿದ್ದುಪಡಿಗೆ ಹೊಸ ಅರ್ಜಿ,' ಎಂದರು,
'ಇದನ್ನು ವಾಪಸು ಕೊಡಿ.'
ವಾಪಸು!
ಸೆಲಿನ್ ಬಾಯಿ ಅದನ್ನು ನನ್ನ ಕೈಯಿಂದ ಎಳೆದು
ಸೆರಗಿನೊಳಗೆ ಮಡಚಿಟ್ಟು
ಮೆಟ್ಟಿಲು ಇಳಿದದ್ದು ಹೇಗೆಂದರೆ
ಮಂಡಿನೋವಿನ ಹೆಂಗಸೆಂದು ಯಾರೂ ಹೇಳರು.

ಬೋರ್ಡು ಬರೆಯುವ ಯಶುವಿಗೆ ಹೇಳಿದೆವು:
ಸರಕಾರ ಹೇಗೆ ಬರೆದಿದೆಯೋ ಹಾಗೇ ಬರೆ.
'ಅರ್ಥ ಗೊತ್ತುಂಟಲ್ಲ ಬಾಯಮ್ಮ?'
ಗೊತ್ತುಂಟು.
ಇಪ್ಪತ್ತೊಂದು ವರ್ಷ ತುಂಬ ಒಳ್ಳೆಯವರಾಗಿದ್ದೆವು,
ಮೆಸ್ಸಿನಿಂದ ಕಳಿಸುವಾಗ ಅದನ್ನೇ ಹೇಳಿ
ಒಂದು ಶಾಲು ಹೊದೆಸಿದರು.

ಈಗ ಸಂಜೆ ಆರಕ್ಕೆ ಅಟ್ಟಿನಳಗೆಯ ಮುಚ್ಚಳ ತೆಗೆದರೆ
ಹಬೆಗೆ ತಗಡು ಬೆವರಿ
ನೀಲಿಯ ಅಡಿಯಿಂದ ಹಳದಿ ಎದ್ದು
ಎರಡೂ ಒಟ್ಟಿಗೆ ಓದಿಸಿಕೊಳ್ಳುತ್ತವೆ:
ಪುಂಡ ಗಾಡಿ. ಮಕ್ಕಳಿದ್ದಾರೆ. ಎಚ್ಚರಿಕೆ.

ಮಾರ್ಚಿಗೆ ನವೀಕರಣ ಉಂಟಂತೆ.
ಆಗ ನೋಡುವ.
ನಿಮಗೆ ಎಷ್ಟು, ನಾಲ್ಕಾ, ಆರಾ?