ಐದನೆಯ ತಿಂಗಳು

ಕಿವಿ ಮುಚ್ಚುವಷ್ಟಿಲ್ಲ, ಕಿವಿ ಹಿಂದೆ ನಿಲ್ಲುವಷ್ಟೂ ಇಲ್ಲ.
ಒದ್ದೆ ಮಾಡಿ ಬಾಚಿದರೆ ಅರ್ಧ ಗಂಟೆ ವಿಧೇಯ,
ಆಮೇಲೆ ಎಡಗಡೆಯದು ಎದ್ದು ನಿಂತು
ಯಾರನ್ನೋ ಕರೆಯುತ್ತದೆ.

ಕುತೈಸಿಯಲ್ಲಿ ಬೆಳಗಿನ ನಾಲ್ಕು. ಮಣ್ಣೊಲೆ ಕೆಂಪಾಗಿದೆ.
ಹಿಟ್ಟಿನ ನಾಲಗೆಯನ್ನು ಒಳಗೋಡೆಗೆ ಬಡಿಯಲು
ಸೊಂಟದವರೆಗೆ ಬಾಗಬೇಕು.
ಬಾಗಿದರೆ ಮುಂಗೂದಲು ನನಗಿಂತ ಒಂದು ಬೆರಳು ಮುಂದೆ.
ಚುರ್ರ್.
ರೊಟ್ಟಿಗಿಂತ ಮೊದಲು ನಾನು ಬೆಂದ ವಾಸನೆ.

"ಕಟ್ಟು, ಇಲ್ಲಾ ಕತ್ತರಿಸು" ಅಂತಾಳೆ ಒಡತಿ ಲಾಮಾರಾ.
ಕಟ್ಟಿ ನೋಡಿದೆ. ಮೂಲಂಗಿಯ ಬಾಲ.
ಎದುರಂಗಡಿಯ ಕ್ಷೌರಿಕ ವಾಝಾ
ಬಾಗಿಲಲ್ಲಿ ನಿಂತು ಕತ್ತರಿಯನ್ನು ಸುಮ್ಮನೆ ಆಡಿಸುತ್ತಾನೆ,
ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ.

ಎರಡು ಸಲ ಅವನ ಹೊಸ್ತಿಲವರೆಗೆ ಹೋಗಿ ಬಂದೆ.
ಮೂರನೆಯ ಸಲ ಕೂತೂಬಿಟ್ಟಿದ್ದೆ;
ಕೊರಳಿಗೆ ಬಟ್ಟೆ ಸುತ್ತುವಾಗ ಕನ್ನಡಿಯಲ್ಲಿ
ಇಪ್ಪತ್ತು ವರ್ಷದಿಂದ ನೋಡಿ ನೋಡಿ ಸಾಕಾದವನು
ವಾಪಸು ಬರಲು ತಯಾರಾಗುತ್ತಿದ್ದ.
ಬಟ್ಟೆಯ ಸಮೇತ ಎದ್ದು ಬಂದೆ.

ಇವತ್ತು ಅಕ್ಕನ ಮಗಳು ಎಲೆನೆ ತನ್ನ ಪಿನ್ನು ಸಿಕ್ಕಿಸಿ ಕಳಿಸಿದ್ದಾಳೆ,
ತುದಿಯಲ್ಲೊಂದು ಪ್ಲಾಸ್ಟಿಕ್ ಸ್ಟ್ರಾಬೆರಿ.
ಸಾಲಿನಲ್ಲಿ ನಿಂತವರು ನೋಡುತ್ತಾರೆ, ನಗು ನುಂಗಿಕೊಂಡು
ಬಿಸಿ ರೊಟ್ಟಿಯ ಮೂಗು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ.

ಮತ್ತೆ ಬಾಗುತ್ತೇನೆ.
ಕೂದಲು ಕದಲಲಿಲ್ಲ.
ಸ್ಟ್ರಾಬೆರಿ ಮಾತ್ರ ಸ್ವಲ್ಪ ಮೆತ್ತಗಾಗಿದೆ.