ದೋಟಿಗೆ ಕಟ್ಟಿದ ಮೈಕು

ನಂದು ಶಾಮಿಯಾನ, ಕುರ್ಚಿ, ಪಾತ್ರೆ, ಮೈಕ್‌ಸೆಟ್ ಬಾಡಿಗೆ.
ಹಾಸನದ ಸಂತೇಪೇಟೆಯಲ್ಲಿ ಇಪ್ಪತ್ತೆರಡು ವರ್ಷ
ಹಲೋ ಹಲೋ ಅಂದಿದ್ದೇನೆ, ಹತ್ತೂರಿಗೆ ಕೇಳುವ ಹಾಗೆ.
ಮೆಲ್ಲಗೆ ಆಡಿದ್ದನ್ನು ಹಿಡಿಯುವ ಕೆಲಸ
ಬಂದದ್ದು ಇದೇ ಮೊದಲು.

ಡೈರೆಕ್ಟರ್ ಅಂದರೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಹುಡುಗಿ, ಶಿಫಾನಾ.
ಚೀಟಿ ಎತ್ತಿದ ದುಡ್ಡು, ಎರವಲು ಕ್ಯಾಮೆರಾ,
ತಣ್ಣೀರುಹಳ್ಳದಲ್ಲೊಂದು ಮಹಡಿ ಮನೆ, ಹದಿನಾಲ್ಕು ದಿನಕ್ಕೆ.
ಕಥೆ ಏನಮ್ಮ ಅಂದೆ.
"ಗಂಡ ಹೆಂಡತಿ ಬೇರೆ ಆಗ್ತಿದಾರೆ ಅಣ್ಣ,
ಕುಕ್ಕರ್ ಯಾರಿಗೆ ಅಂತ ತೀರ್ಮಾನ ಆಗಿಲ್ಲ."
"ಆಮೇಲೆ?"
"ಅಷ್ಟೆ."

ಮಾವಿನಕಾಯಿ ಕೀಳುವ ದೋಟಿಗೆ
ಸೈಕಲ್ ಟ್ಯೂಬು ಸುತ್ತಿ ಮೈಕು ಕಟ್ಟಿ
ಅವರಿಬ್ಬರ ನೆತ್ತಿಯ ಮೇಲೆ ಹಿಡಿದು ನಿಂತೆ.

ಗಂಡನಾದವನು ಲೋಹಿತಾಶ್ವ, ದುದ್ದದ ಕಡೆಯವನು,
ಹಾಲಿನ ಡೇರಿಯಲ್ಲಿ ಫ್ಯಾಟು ಅಳೆಯುವವನು.
ಊರ ನಾಟಕದಲ್ಲಿ ಐದು ಸಲ ದುರ್ಯೋಧನ, ಎರಡು ಸಲ ಭೀಮ.
"ಉಪ್ಪಿನ ಡಬ್ಬ ಎಲ್ಲಿಟ್ಟೆ" ಅಂತ ಕೇಳಿ ಅಂದರೆ
ಎದೆ ಉಬ್ಬಿಸಿ, ಒಂದು ಹೆಜ್ಜೆ ಹಿಂದೆ ಸರಿದು,
ಉಪ್ಪಿಗೇ ಸವಾಲು ಹಾಕಿದ.
ನನ್ನ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಬಡಿಯಿತು.
ಕೆಳಗಿನ ಮನೆಯವರು ಗಾಬರಿಯಾಗಿ ಮೆಟ್ಟಿಲು ಹತ್ತಿ ಬಂದರು.

ಹೆಂಡತಿ ಇಂಚರ, ಸಾಲಗಾಮೆ ರಸ್ತೆಯಲ್ಲಿ ಬ್ಲೌಸು ಹೊಲಿಯುವವಳು.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ
ಗಿರಾಕಿಗೆ ಉತ್ತರ ಕೊಟ್ಟು ಅಭ್ಯಾಸ.
ಅರ್ಧ ಮಾತು ತುಟಿಯೊಳಗೇ ಉಳಿಯುತ್ತಿತ್ತು.
ದೋಟಿ ಇಳಿಸಿ ಇಳಿಸಿ ಹುಡುಕುತ್ತಿದ್ದೆ ನಾನು.

"ಹೇಳಬೇಡಿ ಸರ್, ಮಾತಾಡಿ."
"ಎರಡಕ್ಕೂ ಏನು ವ್ಯತ್ಯಾಸ ಮೇಡಂ?"
ಶಿಫಾನಾ ಬಹಳ ಹೊತ್ತು ಯೋಚಿಸಿದಳು.
"ಹೇಳುವಾಗ ಕೊನೆ ಮೊದಲೇ ಗೊತ್ತಿರುತ್ತೆ."

ಒಂಬತ್ತನೇ ದಿನ, ಹದಿನಾರನೇ ಟೇಕು.
ಒಂದನ್ನು ಆಟೋ ತಿಂದಿತ್ತು, ನಾಲ್ಕನ್ನು ಫ್ರಿಜ್ಜು,
ಉಳಿದವನ್ನು ದುರ್ಯೋಧನ.
ನಸುಕಿನ ಡೇರಿ ಮುಗಿಸಿ ಬಂದವನು, ಕಣ್ಣು ಎಳೆಯುತ್ತಿತ್ತು,
ಮಾತು ಮರೆತೇ ಹೋಯಿತು.
ಕೈಯಲ್ಲಿದ್ದ ಆಲೂಗೆಡ್ಡೆ ನೋಡಿದ.
"ಇದು ಮೊಳಕೆ ಬಂದೈತೆ."
ಅವಳು ತಲೆಯೆತ್ತಲಿಲ್ಲ. "ತೆಗ್ದಾಕು."
"ಪೂರ್ತಿನಾ?"
"ಮೊಳಕೇನ."

ಅವನು ಮೂಗಿನಲ್ಲಿ ನಕ್ಕ.
ಅವಳು ನಗಲಿಲ್ಲ, ಚಾಕು ಮಾತ್ರ ನಿಂತಿತು.
ನನ್ನ ಕಿವಿಯಲ್ಲಿ ಅವಳು ಉಗುಳು ನುಂಗಿದ್ದು,
ಬಳೆ ಜಾರಿ ಮಣಿಕಟ್ಟಿಗೆ ಬಂದು ಕೂತದ್ದು,
ದೂರದಲ್ಲಿ ಸಕಲೇಶಪುರದ ಕಡೆ ಹೊರಟ ರೈಲು,
ಮತ್ತೆ ಅವನ ಉಸಿರು, ಏನೋ ಕೇಳಬೇಕೆಂದು ಎಳೆದುಕೊಂಡು
ಕೇಳದೆ ಬಿಟ್ಟದ್ದು.
ಯಾರೂ ಕಟ್ ಅನ್ನಲಿಲ್ಲ.
ನನ್ನ ರಟ್ಟೆ ಸೋತು ದೋಟಿ ಬಾಗಿತು.
ಸಿನಿಮಾದಲ್ಲಿ ಈಗಲೂ ಇದೆ ನೋಡಿ, ಬಲಗಡೆ ಮೇಲೆ,
ಬಾವಲಿಯ ಹಾಗೆ ಒಂದು ಸಲ ಇಣುಕಿ ಹೋಗುತ್ತದೆ.
ತೆಗೆಯೋಣ ಅಂದೆ. ಬೇಡ ಅಂದಳು.

ತೋರಿಸಿದ್ದು ನಮ್ಮದೇ ಗೋಡೌನಿನಲ್ಲಿ,
ಮದುವೆ ಮಂಟಪದ ಹಿಂದೆ ಕಟ್ಟುವ ಬಿಳಿ ಬಟ್ಟೆಯ ಮೇಲೆ.
ನಲವತ್ತು ಕುರ್ಚಿ, ಒಂದು ಸ್ವಲ್ಪ ಮುರಿದದ್ದು.
ಆಲೂಗೆಡ್ಡೆಗೆ ಎಲ್ಲರೂ ನಕ್ಕರು,
ಆಮೇಲಿನ ಸುಮ್ಮನಿರುವಿಕೆಗೆ ಕೆಮ್ಮಿದರು.
"ಡೈಲಾಗ್ ಎಲ್ಲಿ ಗುರು?" ಅಂತ ಹಿಂದಿನಿಂದ ಒಬ್ಬ.
ದುರ್ಯೋಧನ ತಲೆ ತಗ್ಗಿಸಿ ಕೂತಿದ್ದ,
ತನ್ನ ಧ್ವನಿ ಅಷ್ಟು ಸಣ್ಣದಿದೆಯೆಂದು
ಅವನಿಗೂ ಗೊತ್ತಿರಲಿಲ್ಲವೇನೋ.

ಎಲ್ಲರೂ ಹೋದ ಮೇಲೆ ನನ್ನ ಹೆಂಡತಿ ಜಯಶೀಲ,
ಕುರ್ಚಿ ಮೇಲೆ ಕುರ್ಚಿ ಏರಿಸುತ್ತ,
"ಇದ್ರಲ್ಲಿ ಆಕ್ಟಿಂಗ್ ಎಲ್ಲೈತೆ? ನಮ್ಮನೇಲಿ ದಿನಾ ಇದೇ ಅಲ್ವಾ" ಅಂದಳು.
ಹೊಗಳಿದಳೋ, ಬೈದಳೋ, ಇನ್ನೇನಾದರೂ ಕೇಳಿದಳೋ.
ಕಿವಿಗೆ ಹೆಡ್‌ಫೋನ್ ಇರಲಿಲ್ಲ.
"ಇನ್ನೊಂದ್ಸಲ ಹೇಳು" ಅಂದೆ.
"ಮೂವತ್ತೆಂಟು," ಅಂದಳು, "ಮೂವತ್ತೊಂಬತ್ತು. ಆ ಮುರಿದಿದ್ದು ಎಲ್ಲಿ?"