ಡಬ್ಬಿಯಲ್ಲಿ ಉಳಿದ ಚೀಟಿ

ಮೊದಲನೆಯದು ಸಂತೇಪೇಟೆಯ ಸ್ಟೌವ್ ಕೇಸು.
ಎರಡನೆಯದು, ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು.
ಮೂರನೆಯದರ ಹೊತ್ತಿಗೆ ನಾವು ಐದು ಜನ ಇರಲಿಲ್ಲ.

ಪೆನ್ಷನ್ ಮೊಹಲ್ಲಾದಲ್ಲಿ ನೂರುನ್ನಿಸಾಳ ಹೊಲಿಗೆ ಅಂಗಡಿ.
ತಿಂಗಳ ಎರಡನೇ ಭಾನುವಾರ ಅರ್ಧ ಷಟರ್ ಇಳಿಸಿ
ಚೀಟಿ ಎತ್ತುತ್ತಿದ್ದೆವು, ತಲೆಗೆ ಐದು ಸಾವಿರ.
ದಾಕ್ಷಾಯಿಣಿ ಅರಕಲಗೂಡು ರೂಟಿನ ಕಂಡಕ್ಟರು,
ಫಿಲೋಮಿನಾ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಆಯಾ,
ಪಂಕಜಾಕ್ಷಿ ಮಂಡಿಯಲ್ಲಿ ಕೊಳೆತ ಗಡ್ಡೆ ಆರಿಸುವವಳು.
ನಾನು ಕೋರ್ಟಿನ ಟೈಪಿಸ್ಟು:
'ಕಾಲು ಜಾರಿ' ಅನ್ನುವ ಎರಡು ಪದ
ನನ್ನ ಬೆರಳಿಗೆ ನನ್ನ ಹೆಸರಿಗಿಂತ ಚೆನ್ನಾಗಿ ಗೊತ್ತು.

ಗೆಳೆತನ ಶುರುವಾದದ್ದು ದುಡ್ಡಿನಿಂದ, ಸುಳ್ಳೇಕೆ.
ಆಮೇಲೆ ಟೀ. ಆಮೇಲೆ ಒಂದು ದಿನ ಫಿಲೋಮಿನಾ
ಬಿಸ್ಕತ್ತು ಅದ್ದುತ್ತ ಅಂದಳು:
"ಅಡುಗೆ ಮಾಡೋವಾಗ ಸ್ಟೌವ್ ಸಿಡಿದರೆ
ಬರೀ ಬೆನ್ನು ಸುಡುತ್ತೇನ್ರೇ?"
ಬಿಸ್ಕತ್ತು ಲೋಟದೊಳಗೆ ಮುರಿದು ಬಿತ್ತು. ಯಾರೂ ಎತ್ತಲಿಲ್ಲ.

ಜೂನ್ ಭಾನುವಾರ ಚೀಟಿ ಎತ್ತಿದವಳು ಪಂಕಜಾಕ್ಷಿ.
ಬಿಚ್ಚಿದಳು. ಅವಳದೇ ಹೆಸರು.
"ನಂಗೂ ಬಂತಲ್ಲೇ ಅದೃಷ್ಟ" ಎಂದು ಆ ಕಾಗದದ ಚೂರನ್ನೇ
ರವಿಕೆಯೊಳಗೆ ಪಿನ್ನು ಹಾಕಿ ಇಟ್ಟುಕೊಂಡಳು.
ದುಡ್ಡು ಪೂರ್ತಿ ಕೂಡುವುದು ಶನಿವಾರ.
ಶುಕ್ರವಾರ ಅವಳು ಸತ್ಯಮಂಗಲದ ಕೆರೆಯಲ್ಲಿ ಸಿಕ್ಕಳು.
ಬಟ್ಟೆ ಒಗೆಯಲು ಹೋಗಿ, ಕಾಲು ಜಾರಿ.

ಬಟ್ಟೆ ಬಿಚ್ಚಿದವಳು ಫಿಲೋಮಿನಾ. ಬೇರೆಯವರಿಗೆ ಬಿಡಲಿಲ್ಲ.
ರಾತ್ರಿ ಬಂದು ತನ್ನ ಎದೆಯ ಮೇಲೇ ಬೆರಳಿಟ್ಟು ತೋರಿಸಿದಳು:
ಹುಕ್ಕು ಒಂದು ಮನೆ ತಪ್ಪಿತ್ತು, ಮೇಲಿಂದ ಕೆಳತನಕ.
ನೂರುನ್ನಿಸಾ ಹೇಳಿದ್ದು ಇಷ್ಟು:
"ನಾ ಹೊಲಿದ ರವಿಕೆ. ಕತ್ತಲಲ್ಲೂ ಅವಳು ತಪ್ಪಿ ಹಾಕೋಳಲ್ಲ."

ಗಂಡ ಅರಕಲಗೂಡಿನಲ್ಲಿದ್ದನಂತೆ, ಮೂರು ಗಂಟೆ ಬಸ್ಸಿಗೆ ಬಂದನಂತೆ.
"ಯಾವ ಬಸ್ಸು?" ದಾಕ್ಷಾಯಿಣಿ ಬ್ಯಾಗಿನ ಜಿಪ್ ಎಳೆದಳು.
"ಆವತ್ತು ಕ್ಲಚ್ ಹೋಗಿ ನಾನೂ ಡ್ರೈವರೂ
ಗೊರೂರಲ್ಲಿ ಕಡ್ಲೆಕಾಯಿ ತಿಂತಾ ಕೂತಿದ್ವಿ, ಕತ್ತಲಾಗೋವರೆಗೆ."

ಹನ್ನೊಂದು ದಿನ ಕಳೆಯುವ ಮೊದಲೇ ಅವನು ಅಂಗಡಿಗೆ ಬಂದ.
ಇಪ್ಪತ್ತೈದು ಸಾವಿರ ಕೊಡಿ, ಸಾಕ್ಷಿ ಇದೆ ಎಂದು
ಇಸ್ತ್ರಿ ಟೇಬಲ್ಲಿನ ಮೇಲೆ ಚೀಟಿ ಬಿಚ್ಚಿಟ್ಟ.
ಪಿನ್ನಿನ ಎರಡು ತೂತು. ನೀಲಿ ಇಂಕು.
ಒಂದು ಅಕ್ಷರವೂ ಕದಡಿರಲಿಲ್ಲ.
ಪಂಕಜಾಕ್ಷಿ ಇಡೀ ಕೆರೆಯನ್ನು ಸೀರೆಯಲ್ಲಿ ತುಂಬಿಕೊಂಡು ಮೇಲೆ ಬಂದಿದ್ದಳು,
ಅವಳ ಎದೆಯ ಮೇಲಿನ ಕಾಗದ ಹನಿ ನೀರು ಕಂಡಿರಲಿಲ್ಲ.

ಇನ್ಸ್‌ಪೆಕ್ಟರು ಕೇಳಿದರು: "ಧಾರಾವಾಹಿ ಜಾಸ್ತಿ ನೋಡ್ತೀರೇನಮ್ಮ?"
"ಇಲ್ಲ ಸಾರ್," ಅಂದಳು ದಾಕ್ಷಾಯಿಣಿ, "ಆ ಟೈಮಿಗೆ ಡ್ಯೂಟಿ."
ಕಾಗದವನ್ನು ಅವರು ಟ್ಯೂಬ್‌ಲೈಟಿಗೆ ಹಿಡಿದರು. ಬಹಳ ಹೊತ್ತು ಹಿಡಿದರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು.

ಮೂವರ ಸಾಕ್ಷಿ ಟೈಪು ಮಾಡಿದ್ದು ನಾನು.
'ಕೊಲೆಯ ಉದ್ದೇಶ: ಚೀಟಿ ಹಣ.
ಸದರಿ ಚೀಟಿಯು ಮೃತಳಿಗೆ ಅದೃಷ್ಟವಶಾತ್ ಬಂದಿದ್ದು.'
ಆ ಒತ್ತಕ್ಷರದ ಮೇಲೆ ಬೆರಳು ನಿಂತಿತು.
ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.
ಟೈಪು ಮಾಡಿದೆ.

ಐದು ಚೀಟಿಯಲ್ಲೂ ಅವಳ ಹೆಸರೇ ಬರೆದವಳು ನಾನು.
ಮನೆ ಬಿಡಬೇಕು, ಕೈಯಲ್ಲಿ ಕಾಸಿಲ್ಲ ಅಂತ ಅವಳು ಅತ್ತ ವಾರ
ನಾಲ್ವರೂ ಸೇರಿ ಮಾಡಿದ ಮೋಸ. ಸುಮ್ಮನೆ ಕೊಟ್ಟರೆ ತಗೊಳ್ಳುವವಳಲ್ಲ.
ಕೊಂದವನನ್ನು ಹಿಡಿದೆವು.
ಕಾರಣವನ್ನು ಮಡಿಸಿ ಅವಳ ಕೈಗಿಟ್ಟವರು
ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೇವೆ.

ಡಬ್ಬಿ ಷೆಲ್ಫಿನ ಮೇಲಿದೆ, ದಾರದ ಉಂಡೆಗಳ ಹಿಂದೆ.
ಉಳಿದ ನಾಲ್ಕು ಒಳಗೇ ಇವೆ. ಯಾರು ಎತ್ತಿದರೂ ಅವಳೇ.
ನೂರುನ್ನಿಸಾ ಮುಚ್ಚಳ ಒರೆಸುತ್ತಾಳೆ, ತೆಗೆಯುವುದಿಲ್ಲ.

ನಿನ್ನೆ ಬಸ್ಸಿನಲ್ಲಿ ಯಾರೋ ಒಬ್ಬಳು
ಚಿಲ್ಲರೆ ಕೊಡುವ ನೆಪದಲ್ಲಿ ದಾಕ್ಷಾಯಿಣಿಯ ಕೈ ಹಿಡಿದು ಕೇಳಿದಳಂತೆ,
ಆ ಹೊಲಿಗೆ ಅಂಗಡಿ ಎಲ್ಲಿ ಅಂತ.
ಭಾನುವಾರ ಬರುತ್ತಾಳೆ.
ತಂಗಿಯ ಒಂದೇ ಚಪ್ಪಲಿ ತರುತ್ತಾಳೆ.